ಕೋಳಿಗೂಡಿನ ಲೆಕ್ಕ

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ನಮ್ಮ ಬೇಂಕಿನ ಕೌಂಟರಿಗೆ ಮುದುಕರೊಬ್ಬರು ಬಂದು, ಈ ತಿಂಗಳ ಕಂತು ಕಟ್ಟಲಾಗುವುದಿಲ್ಲ, ರಾತ್ರಿ ನರಿ ಬಂದು ಗೂಡೇ ಬರಿದಾಯಿತು ಎಂದರು. ಅವರದು ಮಲಯಾಳ. ನನಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕೌಂಟರಿನಲ್ಲಿ ಹೊಟ್ಟೆಪಾಡಿಗೆ ಮಲಯಾಳ. ನರಿ ತಾನೇ, ಗೂಡಿಗೊಂದು ಗಟ್ಟಿ ಹಲಗೆ ಹಾಕಿಸಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಸರಪಳಿಯಲ್ಲಿ ಕಟ್ಟಿದ ನಾಯಿಯನ್ನು ಎಳೆದುಕೊಂಡು ಹೋದದ್ದು ನಿಮ್ಮ ಹಲಗೆಗೆ ನಿಲ್ಲುತ್ತದೆಯೇ ಎಂದು ಕೇಳಿದರು. ಆಗ ನನಗೆ ಹೊಳೆಯಿತು. ಹಳೆಯ ಮಲಯಾಳಿಗರ ಬಾಯಲ್ಲಿ ನರಿ ಎಂದರೆ ಹುಲಿ. ನಮ್ಮ ನರಿ ಅವರಿಗೆ ಕುರುಕ್ಕನ್, ತುಳುವರಿಗೆ ಕುದ್ಕೆ. ಅವರ ಮನೆಗೆ ಬಂದದ್ದು ಚಿರತೆ. ನಾಯಿಯ ಗಲಾಟೆಗೆ ಗೂಡು ಮಗುಚಿ, ಹೊರಬಿದ್ದ ಕೋಳಿಗಳನ್ನು ಬೆಳಗಿನೊಳಗೆ ಯಾರ್ಯಾರೋ ಹಂಚಿಕೊಂಡಿದ್ದರು.

ಈಚಿನ ವರ್ಷಗಳಲ್ಲಿ ಮುಳಿಯಾರು, ಕಾರಡ್ಕ ಕಡೆಯಿಂದ ಇಂಥ ಸುದ್ದಿ ಆಗಾಗ ಬರುತ್ತಿದೆ. ಅಂದು ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: "ಹಾಗಾದರೆ ಎಲ್ಲವೂ ತಿರುಗಿ ಬಂದವೋ?" ಆ ಮಾತು ಮನಸ್ಸಿನಲ್ಲಿ ಉಳಿದದ್ದರಿಂದ ಈ ಲೇಖನ. ನಾನೇನೂ ಇತಿಹಾಸಕಾರನಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದ್ದೆ ಅಷ್ಟೆ. ಅದರಲ್ಲಿ ಕೋಳಿ ಇರಲಿಲ್ಲ.

ಮೊದಲು ಹೆಸರನ್ನೇ ನೋಡೋಣ. ಹಳಗನ್ನಡದಲ್ಲಿ ಇದು ಕೋೞಿ. ಆ ೞಕಾರವನ್ನು ನಾವು ಕನ್ನಡಿಗರು ಎಂದೋ ಕಳೆದುಕೊಂಡು ಳಕಾರ ಮಾಡಿಕೊಂಡೆವು. ತುಳುವರು ಕೋರಿ ಎಂದರು. ಮಲಯಾಳಿಗರು ಮಾತ್ರ ಅದನ್ನು ಈಗಲೂ ನಾಲಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಅಂಗಳದಲ್ಲಿ ನಿಂತು ಮೂವರು ಕರೆದರೆ ಮೂರು ಹೆಸರು, ಬರುವ ಹೇಂಟೆ ಒಂದೇ.

ಆ ಹೇಂಟೆಯ ಮೂಲದ ಬಗ್ಗೆ ವಾದಗಳು ಬಹಳ ನಡೆದಿವೆ. ಕೆಂಪು ಕಾಡುಕೋಳಿಯೊಂದೇ ಎಲ್ಲ ಊರುಕೋಳಿಗಳ ಮೂಲ ಎಂದು ಡಾರ್ವಿನ್ ತೀರ್ಮಾನಿಸಿದ್ದ. 2020ರಲ್ಲಿ 863 ಹಕ್ಕಿಗಳ ಆನುವಂಶಿಕ ಧಾತುವನ್ನು ಪರಿಶೀಲಿಸಿದ ಅಧ್ಯಯನವೊಂದು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯ ಒಂದು ಉಪಜಾತಿಯನ್ನು ಬೊಟ್ಟುಮಾಡಿತು. 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿದ, ಕ್ರಿ.ಪೂ. 1650ರಿಂದ 1250ರ ನಡುವಿನ ಎಲುಬುಗಳನ್ನು ಅತ್ಯಂತ ಹಳೆಯ ಖಚಿತ ಸಾಕ್ಷ್ಯವೆಂದು ಹೇಳಿ, ಕಾಡಿನ ಅಂಚಿನಲ್ಲಿ ಮನುಷ್ಯ ಬಿತ್ತಿದ ಭತ್ತ ನವಣೆಗಳ ಆಸೆಗೆ ಕೋಳಿ ತಾನಾಗಿ ಹತ್ತಿರ ಬಂತು ಎಂದು ವಾದಿಸಿತು. ಅಂದರೆ ನಾವು ಹಿಡಿದು ತಂದದ್ದಲ್ಲ, ಅದೇ ಕಾಳು ಹುಡುಕಿಕೊಂಡು ಬಂದದ್ದು. ನಮ್ಮ ಗುಡ್ಡಗಳಲ್ಲಿ ಕುಮೇರಿ ಬೇಸಾಯ ಮಾಡುತ್ತಿದ್ದ ಕಾಲವನ್ನು ನೆನೆದರೆ ಇದು ನಂಬಲು ಕಷ್ಟದ ಮಾತಲ್ಲ. ಸುಟ್ಟ ಕಾಡಿನ ಬೂದಿಯಲ್ಲಿ ಬಿತ್ತಿದ ಭತ್ತಕ್ಕೂ ರಾಗಿಗೂ ಕಾಡುಕೋಳಿ ಬಾರದೆ ಇದ್ದೀತೇ?

ಆದರೆ ನಮ್ಮಲ್ಲಿರುವುದು ಕೆಂಪು ಕಾಡುಕೋಳಿಯಲ್ಲ. ಕೇರಳದ ಕಾಡುಗಳಲ್ಲಿ ಅದು ಇಲ್ಲವೇ ಇಲ್ಲ. ನಮ್ಮದು ಬೂದುಬಣ್ಣದ ಕಾಡುಕೋಳಿ. ಹುಂಜದ ಕತ್ತಿನ ಗರಿಗಳಲ್ಲಿ ಮೇಣದ ಹನಿ ಬಿದ್ದಂಥ ಹಳದಿ ಚುಕ್ಕೆಗಳು. ಈ ಗರಿಗಳಿಗಾಗಿಯೇ ಒಂದು ಕಾಲದಲ್ಲಿ ಇದನ್ನು ಕೊಲ್ಲುತ್ತಿದ್ದರು. ವಿಲಾಯತಿಯ ದೊರೆಗಳು ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಕೃತಕ ನೊಣಗಳನ್ನು ಇದರಿಂದ ಮಾಡುತ್ತಿದ್ದರಂತೆ. ಇರಲಿ. 2008ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ಒಂದು ಸಂಗತಿ ಕಂಡುಹಿಡಿದರು. ಊರುಕೋಳಿಯ ಕಾಲಿಗೂ ಚರ್ಮಕ್ಕೂ ಹಳದಿ ಬಣ್ಣ ಕೊಡುವ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಈ ಬೂದು ಕಾಡುಕೋಳಿಯಿಂದ ಬಂದದ್ದು. ಡಾರ್ವಿನ್ ಅಷ್ಟರಮಟ್ಟಿಗೆ ತಪ್ಪಿದ್ದ. ಈಗ ಪ್ರಪಂಚದಲ್ಲಿ ಎಲ್ಲಿ ಹಳದಿ ಕಾಲಿನ ಕೋಳಿ ಓಡಾಡಿದರೂ ಅದರ ಕಾಲಿನಲ್ಲಿ ನಮ್ಮ ಕಡೆಯ ಗುಡ್ಡದ ಒಂದು ಅಂಶವಿದೆ ಎನ್ನಬಹುದು. ಇದನ್ನು ಅಮ್ಮನಿಗೆ ಬಹಳ ಉತ್ಸಾಹದಿಂದ ವಿವರಿಸಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಗುಡ್ಡದ ಹುಂಜ ನಮ್ಮ ಹೇಂಟೆಗಳನ್ನು ಹುಡುಕಿಕೊಂಡು ಬರುತ್ತಿತ್ತು, ಆ ಮರಿಗಳು ಗೂಡಿಗೆ ಒಗ್ಗುವುದಿಲ್ಲ, ರೆಕ್ಕೆ ಬಲಿತರೆ ಹಾರಿಹೋಗುತ್ತವೆ ಎಂದಳು.

ನಮ್ಮ ಮನೆ ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ. ಮುಂದೆ ಸಣ್ಣ ಅಡಿಕೆ ತೋಟ, ಹಿಂದೆ ಮುರಕಲ್ಲಿನ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ನೀರಿಗೆ ಕೊರೆದ ಸುರಂಗ. ಕೋಳಿಗೂಡು ಜಗಲಿಯ ಕೆಳಗೆ ಮುರಕಲ್ಲಿನಲ್ಲೇ ಕಟ್ಟಿದ್ದು; ಬಾಯಿಗೆ ಮೇಲಿಂದ ಇಳಿಬಿಡುವ ಹಲಸಿನ ಹಲಗೆ. ಅಜ್ಜಿಯ ಕಾಲದ್ದು. ಅಂಗಳದ ಕೋಳಿಯ ಹಣ ಹೆಂಗಸರದ್ದು ಎಂಬುದು ನಮ್ಮಲ್ಲಿ ಬರೆಯದ ಕಾನೂನು. ಅಡಿಕೆಯ ಹಣವನ್ನು ಗಂಡಸರು ಎಣಿಸಿದರೆ, ಮೊಟ್ಟೆಯ ಹಣ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ನನ್ನ ಪುಸ್ತಕ, ಕೊಡೆ, ಹತ್ತನೇ ತರಗತಿಯ ಪರೀಕ್ಷಾ ಶುಲ್ಕ ಎಲ್ಲ ಆ ಗಂಟಿನಿಂದ ಬರಬೇಕಾಗಿದ್ದವು. ಬರಲಿಲ್ಲವೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅಜ್ಜಿಗೆ ಒಂದು ಲೆಕ್ಕವಿತ್ತು. ಹೇಂಟೆಗೆ ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದರೆ ಇಪ್ಪತ್ತೊಂದು ದಿನಕ್ಕೆ ಹತ್ತು ಮರಿ. ಅದರಲ್ಲಿ ಗಿಡುಗನಿಗೆ ಎರಡು, ಕೀರಿಗೆ ಒಂದು, ಹಾವಿಗೆ ಒಂದು, ಭೂತಕ್ಕೆ ಒಂದು, ನೆಂಟರಿಗೆ ಎರಡು. ಉಳಿದ ಮೂರು ಮನೆಯದ್ದು. ಇಂಥ ಲೆಕ್ಕ ಹಿಡಿದುಕೊಂಡು ಯಾರಾದರೂ ಸಾಲಕ್ಕೆ ಬಂದರೆ ನಮ್ಮ ಮೇನೇಜರರು ಅರ್ಜಿಯನ್ನು ಮುಟ್ಟಲಾರರು. ಆದರೆ ವರ್ಷಕ್ಕೆ ಮೂರು ಸಲ ಕಾವು ಕೂರುವ ನಾಲ್ಕು ಹೇಂಟೆಗಳಿದ್ದರೆ ಈ ಲೆಕ್ಕದಲ್ಲೇ ಒಂದು ಮನೆ ನಡೆಯುತ್ತಿತ್ತು. ನಷ್ಟವನ್ನು ಮೊದಲೇ ಕಳೆದಿಟ್ಟಿದ್ದರಿಂದ ಯಾರೂ ಕೀರಿಯನ್ನು ಕೊಲ್ಲಲು ಹೋಗುತ್ತಿರಲಿಲ್ಲ. ಕೀರಿ ಇದ್ದರೆ ಹಾವು ಕಡಿಮೆ ಎಂಬುದೂ ಗೊತ್ತಿತ್ತು. ಭೂತದ ಪಾಲು ಮಾತ್ರ ಕಾನೂನಿನ ಕೈಗೆ ಸಿಕ್ಕಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, 1968ರಲ್ಲಿ ಕೇರಳ ಪ್ರಾಣಿಪಕ್ಷಿ ಬಲಿ ನಿಷೇಧ ಕಾಯಿದೆ ಬಂತು. ಹರಕೆಯ ಹುಂಜ ಆಮೇಲೂ ಅಂಗಳದಲ್ಲಿ ಓಡಾಡುತ್ತಿದ್ದುದನ್ನು ನಾನು ಕಂಡಿದ್ದೇನೆ, ಹೆಚ್ಚು ಹೇಳುವುದಿಲ್ಲ.

ಆ ಹೇಂಟೆಗಳ ಜಾಣತನವನ್ನು ಹೇಳಲೇಬೇಕು. ಮೇಲೆ ಗಿಡುಗ ಕಂಡರೆ ಒಂದು ಎಳೆದ ಸ್ವರ. ಮರಿಗಳು ಕಲ್ಲಿನಂತೆ ಅಡಗುತ್ತವೆ. ನೆಲದಲ್ಲಿ ಕೀರಿಯೋ ಉಡವೋ ಕಂಡರೆ ಬೇರೆಯೇ ಕಟಕಟ. ಆಗ ಎಲ್ಲವೂ ಮೇಲಕ್ಕೆ ಹಾರಬೇಕು. ಕೋಳಿಗಳಿಗೆ ಆಕಾಶದ ಶತ್ರುವಿಗೊಂದು ಕರೆ, ನೆಲದ ಶತ್ರುವಿಗೊಂದು ಕರೆ ಇದೆ ಎಂದು ವಿಜ್ಞಾನಿಗಳೂ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಡುಗೆ ಮನೆಯಲ್ಲಿದ್ದ ಅಮ್ಮ ಸ್ವರ ಕೇಳಿಯೇ ಪೊರಕೆ ಹಿಡಿಯಬೇಕೋ ಕೈ ಚಪ್ಪಾಳೆ ಸಾಕೋ ಎಂದು ನಿರ್ಧರಿಸುತ್ತಿದ್ದಳು.

ಈ ಜಾಣತನ ಇಲ್ಲದ ಕೋಳಿಗಳು ನಮ್ಮೂರಿಗೆ ಬಂದದ್ದು ಸಾಲದ ದಾರಿಯಲ್ಲಿ. ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ, ಜನರ ಬಾಯಲ್ಲಿ ಐ.ಆರ್.ಡಿ.ಪಿ., 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಹಬ್ಬಿತು. ಆ ಕಾಲದ ಲೆಡ್ಜರುಗಳನ್ನು ನಾನು ಹಳೆಯ ಶಾಖೆಯೊಂದರ ಅಟ್ಟದಲ್ಲಿ ನೋಡಿದ್ದೇನೆ. ಎಮ್ಮೆ, ಆಡು, ಕೋಳಿ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಕೋಳಿ ಎಂದರೆ ಬಿಳಿ ಲೆಗಾರ್ನ್. ಮೊಟ್ಟೆಯೇನೋ ಊರುಕೋಳಿಯ ಮೂರು ನಾಲ್ಕು ಪಟ್ಟು. ಆದರೆ ಹಸುರು ಗುಡ್ಡದ ನಡುವೆ ಬಿಳಿ ಕೋಳಿ ಎಂದರೆ ಗಿಡುಗನಿಗೆ ಬಾಳೆ ಎಲೆಯಲ್ಲಿ ಬಡಿಸಿದ ಅನ್ನ. ಕಾವು ಕೂರುವುದನ್ನೂ ಅವು ಮರೆತಿದ್ದವು. ಹೀಗಾಗಿ ಸತ್ತದ್ದು ಸತ್ತಿತು, ತುಂಬಿಕೊಳ್ಳಲಿಲ್ಲ. ಆ ಲೆಡ್ಜರಿನ ಕೋಳಿಯ ಪುಟಗಳಲ್ಲಿ ಪೂರ್ತಿ ತೀರಿದ ಸಾಲ ಬಹಳ ಕಡಿಮೆ.

ಕಾಡಿನ ಪ್ರಾಣಿಗಳಿಗಿಂತ ದೊಡ್ಡ ವೈರಿ ರೋಗ. 1920ರ ದಶಕದ ಕೊನೆಗೆ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಅದಕ್ಕೆ ಆ ಊರಿನ ಹೆಸರು. ಕನ್ನಡದಲ್ಲಿ ಕೊಕ್ಕರೆ ರೋಗ, ಮಲಯಾಳದಲ್ಲಿ ಕೋಳಿವಸಂತ. ವಸಂತ ಎಂದರೆ ನಮಗೆ ಮಾವು ಚಿಗುರುವ ಕಾಲ, ಅವರಿಗೆ ಮಾರಿ. ಹಸುರು ಭೇದಿ, ತಿರುಚಿದ ಕತ್ತು, ಎರಡು ದಿನದಲ್ಲಿ ಗೂಡು ಖಾಲಿ. 1940ರ ದಶಕದಲ್ಲೇ ಮುಕ್ತೇಶ್ವರದಲ್ಲಿ ಇದಕ್ಕೆ ಲಸಿಕೆ ಸಿದ್ಧವಾಗಿತ್ತು. ನಮ್ಮ ಗುಡ್ಡ ಹತ್ತಿ ಬರಲು ಅದಕ್ಕೆ ಬಹಳ ಕಾಲ ಹಿಡಿಯಿತು.

ಇನ್ನು ಆ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲು 1970ರ ದಶಕದ ಕೊನೆಗೆ ಸುರುಮಾಡಿದರು. ಅದು ನಿಂತದ್ದು 2000ದ ಕೊನೆಗೆ. ಗೇರು ಹೂ ಬಿಡುವ ಕಾಲಕ್ಕೆ ಬರುತ್ತಿತ್ತು. ಬಾವಿ ಮುಚ್ಚಿ, ಜಾನುವಾರು ಕಟ್ಟಿಹಾಕಿ ಎಂದು ಹೇಳಿಹೋಗುತ್ತಿದ್ದರು. ಬಾವಿ ಮುಚ್ಚಬಹುದು, ಸುರಂಗದಿಂದ ಹರಿದು ಬರುವ ನೀರನ್ನು ಹೇಗೆ ಮುಚ್ಚುವುದು? ದನ ಕಟ್ಟಬಹುದು, ಹುಳ ಹೆಕ್ಕುವ ಕೋಳಿಯನ್ನು ಎಷ್ಟು ದಿನ ಕಲ್ಲಿನ ಗೂಡಿನಲ್ಲಿ ಇಡುವುದು? ಮಕ್ಕಳಾದ ನಮಗೆ ಹೆಲಿಕಾಪ್ಟರ್ ನೋಡುವುದೇ ಹಬ್ಬ. ನಾವು ಕೈಬೀಸಿದ್ದೇವೆ.

1990ರಲ್ಲಿ ನಾನು ಐದನೇ ತರಗತಿ. ಆ ಬೇಸಗೆಯಲ್ಲಿ ಅಮ್ಮನ ಹನ್ನೊಂದು ಕೋಳಿಗಳು ಮೂರು ದಿನದಲ್ಲಿ ಸತ್ತವು. ಕೋಳಿವಸಂತ ಇರಬೇಕೆಂದು ನೆರೆಮನೆಯವರು ಹೇಳಿದರು. ಅಮ್ಮ ಒಪ್ಪಲಿಲ್ಲ, ಕತ್ತು ತಿರುಚಿರಲಿಲ್ಲ, ಭೇದಿ ಇರಲಿಲ್ಲ, ನಡುಗಿ ನಡುಗಿ ಬಿದ್ದವು ಎನ್ನುತ್ತಿದ್ದಳು. ಯಾರೂ ಪರೀಕ್ಷೆ ಮಾಡಲಿಲ್ಲ. ಹನ್ನೊಂದು ಕೋಳಿಗೆ ಯಾರು ಪರೀಕ್ಷೆ ಮಾಡುತ್ತಾರೆ? ಗುಡ್ಡದ ಬುಡದಲ್ಲಿ ಹೂತೆವು. ನನಗೆ ಈಗಲೂ ನೆನಪಿರುವುದು ಮುಂದಿನ ಸಂಗತಿ. ಹೂತದ್ದನ್ನು ಅಗೆದು ತಿನ್ನಲು ನರಿ ಬಂದೀತೆಂದು ಅಪ್ಪ ಮೇಲೆ ಕಲ್ಲು ಹೇರಿದ್ದರು. ನರಿ ಬರಲಿಲ್ಲ. ಆ ವರ್ಷ ಗುಡ್ಡದಲ್ಲಿ ನರಿಯ ಕೂಗೇ ಇರಲಿಲ್ಲ. ಪೊಟರೆಯ ಜೇನು ಹೋಗಿತ್ತು. ಅಮ್ಮ ಮತ್ತೆರಡು ಹೇಂಟೆ ತಂದಳು, ಅವೂ ಉಳಿಯಲಿಲ್ಲ. ಆಮೇಲೆ ಹಲಗೆ ಇಳಿಸಿ ಗೂಡಿನಲ್ಲಿ ತೆಂಗಿನಸಿಪ್ಪೆ ತುಂಬಿಟ್ಟಳು. ಗಿಡುಗನಿಲ್ಲ, ಕೀರಿಯಿಲ್ಲ, ನರಿಯಿಲ್ಲ. ಕೋಳಿಗೆ ಶತ್ರುಗಳೇ ಇಲ್ಲದ ಆ ಹತ್ತು ಹನ್ನೆರಡು ವರ್ಷ ನಮ್ಮ ಅಂಗಳದಲ್ಲಿ ಕೋಳಿಯೂ ಇರಲಿಲ್ಲ. ನನ್ನ ಪರೀಕ್ಷಾ ಶುಲ್ಕಕ್ಕೆ ಅಮ್ಮ ಬೀಡಿ ಕಟ್ಟಿದಳು.

ಮುಂದಿನದು ಎಲ್ಲರಿಗೂ ತಿಳಿದದ್ದು. ಪಡ್ರೆಯ ಕರುಗಳ ವಿಕಲಾಂಗದ ಬಗ್ಗೆ ಶ್ರೀ ಪಡ್ರೆಯವರು ಬಹಳ ಮೊದಲೇ ಬರೆದರು. ಡಾ. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟರು. ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದಿತು. ಆ ಹಣದ ಕೆಲವು ಖಾತೆಗಳನ್ನು ತೆರೆದದ್ದು ನನ್ನ ಕೈಯಿಂದಲೇ. ಎತ್ತಿಕೊಂಡು ಬಂದ ಮಕ್ಕಳ ಹೆಬ್ಬೆರಳನ್ನು ಶಾಯಿಗೆ ಒತ್ತಿದ್ದೇನೆ. ಅದರೆದುರು ಹನ್ನೊಂದು ಕೋಳಿಯ ಮಾತೆತ್ತಲು ನನಗೇ ನಾಚಿಕೆ. ಆದರೆ ಅಮ್ಮ ಅವನ್ನು ಈಗಲೂ ಒಂದೊಂದಾಗಿ ಹೇಳಬಲ್ಲಳು: ಬಿಳಿಯದು, ಕುಂಟಿ, ಜುಟ್ಟಿನದು, ಅಟ್ಟದಲ್ಲಿ ಮೊಟ್ಟೆ ಇಡುವುದು.

ಗೂಡಿನಿಂದ ಸಿಪ್ಪೆ ತೆಗೆದದ್ದು 2003ರಲ್ಲಿ, ನನಗೆ ಬೇಂಕಿನ ಕೆಲಸ ಸಿಕ್ಕಿದ ವರ್ಷ. ನಾನು ಗಿರಿರಾಜ ತರೋಣ ಎಂದಿದ್ದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಳಿ, ಬಣ್ಣವೂ ಇದೆ, ತೂಕವೂ ಇದೆ. ಅಮ್ಮ ಬೇಡವೆಂದಳು. ತವರಿನಿಂದ ಕಾವು ಕೂರುವ ಎರಡು ಹೇಂಟೆ ತಂದಳು. ಮೊದಲ ಸಲದ ಒಂಬತ್ತು ಮರಿಗಳಲ್ಲಿ ಒಂದೂ ಕಳೆದುಹೋಗಲಿಲ್ಲ. ಅದರಿಂದ ಆಕೆಗೆ ಸಂತೋಷವಾದಂತೆ ಕಾಣಲಿಲ್ಲ. ಮೂರನೆಯ ವರ್ಷ ಕೀರಿ ಕಾಣಿಸಿಕೊಂಡಿತು. ಆಮೇಲೆ ಗಿಡುಗ, ಉಡ. ಅಜ್ಜಿಯ ಕಾಲದಲ್ಲಿ ಇಲ್ಲದ ನವಿಲು ಈಗ ಹಿಂಡುಹಿಂಡಾಗಿ ಅಂಗಳಕ್ಕೆ ಬಂದು ಕೋಳಿಯ ಕಾಳು ತಿನ್ನುತ್ತದೆ. ಅದಕ್ಕೆ ಲೆಕ್ಕದಲ್ಲಿ ಯಾವ ಪಾಲೂ ಇಲ್ಲದ ಕಾರಣ ಅಮ್ಮನಿಗೆ ಅದರ ಮೇಲೆ ಮಾತ್ರ ನಿಜವಾದ ಸಿಟ್ಟು.

ಚಿರತೆಯ ಸುದ್ದಿಯ ಮೇಲೆ ನಾನು ಗೂಡಿಗೆ ಕಬ್ಬಿಣದ ಬಲೆ ಹಾಕಿಸಿದ್ದೇನೆ. ಆ ಮುದುಕರಿಗೂ ಕಂತು ಮುಂದೂಡಲು ಅರ್ಜಿ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ನರಿ ಎಂದು ಬರೆದು, ಮೇಲಿನವರು ಕನ್ನಡದಲ್ಲಿ ಓದಿ ನಕ್ಕಾರೆಂದು ಹೊಡೆದುಹಾಕಿ ಚಿರತೆ ಎಂದು ತಿದ್ದಿದೆ. ನಮ್ಮ ಮನೆಯ ಜುಟ್ಟಿನ ಹೇಂಟೆಗೆ ಈ ಸಲ ಹನ್ನೊಂದು ಮರಿ. ಮೊನ್ನೆಗೆ ಏಳು ಉಳಿದಿದ್ದವು. ಸಂಜೆ ಅಮ್ಮ ಹಲಗೆ ಇಳಿಸುವಾಗ ಗುಡ್ಡದಿಂದ ಕೂಗು ಕೇಳಿತು. ಒಂದಲ್ಲ, ಮೂರೋ ನಾಲ್ಕೋ. ಆಕೆ ಕೈ ನಿಲ್ಲಿಸಿ ಕೂಗು ಮುಗಿಯುವ ತನಕ ಕೇಳಿದಳು. ಮತ್ತೆ ಮರಿಗಳನ್ನು ಮೊದಲಿನಿಂದ ಎಣಿಸಿದಳು.