ಕಸುಬಿಗೊಂದು ನೆಲೆ: ಕೆಂಗೇರಿಯ ಒಂದು ಸ್ಟುಡಿಯೊ ಹೇಳುವ ಚರಿತ್ರೆ



ನಾವು ದಿನನಿತ್ಯ ಆಡುವ ಕನ್ನಡದಲ್ಲಿ ‘ಕಸುಬು’ ಎಂಬ ಮಾತಿದೆ. ಇದು ಅರಬ್ಬಿಯ ‘ಕಸ್ಬ್’ ಎಂಬ ಪದದಿಂದ ಬಂದದ್ದು. ಅಲ್ಲಿ ಅದಕ್ಕೆ ಗಳಿಕೆ, ಸಂಪಾದನೆ ಎಂಬ ಅರ್ಥವಿದೆ. ಉರ್ದು ಬಲ್ಲವರಿಗೆ ‘ಹುನರ್’ ಎಂಬ ಇನ್ನೊಂದು ಪದವೂ ಗೊತ್ತು. ಅದು ಫಾರ್ಸಿಯದು, ಕೌಶಲ, ಕಲೆ ಎಂದರ್ಥ. ಹುನರ್ ಒಬ್ಬನ ಕೈಯಲ್ಲೋ ಕಂಠದಲ್ಲೋ ಇರುತ್ತದೆ. ಆದರೆ ಅದು ಕಸುಬಾಗಬೇಕಾದರೆ ಕೆಲಸ ಮಾಡಲು ಜಾಗ ಬೇಕು, ಜೊತೆಗೆ ದುಡಿಯುವವರು ಬೇಕು, ದುಡಿಮೆಗೆ ತಕ್ಕ ಹಣ ಬೇಕು. ಪ್ರತಿಭೆಯ ಬಗ್ಗೆ ನಾವು ಸಭೆ ಸಮಾರಂಭಗಳಲ್ಲಿ ಬಹಳ ಮಾತನಾಡುತ್ತೇವೆ. ಪ್ರತಿಭೆಗೆ ನೆಲೆ ಒದಗಿಸುವ ವಿಚಾರವನ್ನು ಅಷ್ಟಾಗಿ ಎತ್ತುವುದಿಲ್ಲ. ಈ ವಿಚಾರವನ್ನೇ ತಲೆಗೆ ಹಚ್ಚಿಕೊಂಡು ತಮ್ಮ ಸಂಪಾದನೆಯನ್ನೆಲ್ಲ ಅದಕ್ಕೆ ಸುರಿದ ಒಬ್ಬ ಕಲಾವಿದರು ನಮ್ಮ ಬೆಂಗಳೂರಿನ ಪಶ್ಚಿಮ ಅಂಚಿನಲ್ಲೇ ಇದ್ದರು. ಅವರು ಹಾಸ್ಯನಟ ಟಿ.ಎನ್. ಬಾಲಕೃಷ್ಣ. ಅವರು ಕಟ್ಟಿದ್ದು ಕೆಂಗೇರಿಯ ಬಳಿಯ ಅಭಿಮಾನ್ ಸ್ಟುಡಿಯೊ.

ಸಿನಿಮಾ ಎಂದರೆ ಥಳುಕಿನ ಲೋಕ, ಅದರಲ್ಲಿ ಕಲಿಯುವಂಥದ್ದೇನಿದೆ ಎಂದು ಕೆಲವರು ಕೇಳಬಹುದು. ಥಳುಕನ್ನು ಸ್ವಲ್ಪ ಹೊತ್ತು ಮರೆಯೋಣ. ಅದನ್ನು ಒಂದು ದುಡಿಮೆಯಾಗಿ ನೋಡೋಣ. ಅಲ್ಲಿ ಬಡಗಿ ಇದ್ದಾನೆ, ಬಣ್ಣ ಬಳಿಯುವವನಿದ್ದಾನೆ, ದರ್ಜಿ ಇದ್ದಾನೆ, ದೀಪ ಹಿಡಿಯುವವನಿದ್ದಾನೆ, ಹಾಡು ಬರೆಯುವವನಿದ್ದಾನೆ. ಇವರೆಲ್ಲ ತಮ್ಮ ಕೆಲಸವನ್ನು ಹೇಗೆ ಕಲಿತರು, ಎಲ್ಲಿ ಮಾಡಿದರು ಎಂಬುದು ಓದತಕ್ಕ ಇತಿಹಾಸ.

ಕಂಪನಿಯೇ ಪಾಠಶಾಲೆ

ಕನ್ನಡ ಚಿತ್ರರಂಗದ ಮೊದಲ ತಲೆಮಾರು ಬಂದದ್ದು ವೃತ್ತಿ ನಾಟಕ ಕಂಪನಿಗಳಿಂದ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಇವುಗಳಲ್ಲಿ ಹೆಸರಾದದ್ದು. ಮೈಸೂರು ಸೀಮೆಯಲ್ಲಿ ಮಹಮ್ಮದ್ ಪೀರ್ ಎಂಬ ಖ್ಯಾತ ನಟರ ಚಂದ್ರಕಲಾ ನಾಟಕ ಮಂಡಳಿ ಇತ್ತೆಂಬುದು ನಮ್ಮ ಇಂದಿನ ಹುಡುಗರಲ್ಲಿ ಎಷ್ಟು ಜನರಿಗೆ ಗೊತ್ತು? ಕನ್ನಡ ರಂಗಭೂಮಿಯಲ್ಲಿ ಪೀರ್ ಸಾಹೇಬರ ಹೆಸರು ಇಂದಿಗೂ ಗೌರವದಿಂದ ನೆನೆಯುವಂಥದ್ದು. ಎಚ್.ಎಲ್.ಎನ್. ಸಿಂಹ ಮತ್ತು ಬಿ.ಆರ್. ಪಂತುಲು ಆ ಮಂಡಳಿಯಲ್ಲಿ ಪಳಗಿದವರು. ಮಂಡಳಿ ಆಡುತ್ತಿದ್ದ ‘ಸಂಸಾರ ನೌಕಾ’ ನಾಟಕವನ್ನು ಸಿಂಹ ಅವರು 1936ರಲ್ಲಿ ಚಲನಚಿತ್ರವಾಗಿಸಿದರು. ಅದೇ ಸಿಂಹ ಅವರು 1954ರಲ್ಲಿ ‘ಬೇಡರ ಕಣ್ಣಪ್ಪ’ ನಿರ್ದೇಶಿಸಿ, ಗುಬ್ಬಿ ಕಂಪನಿಯ ಯುವಕನೊಬ್ಬನನ್ನು ನಾಯಕನಾಗಿ ತೆರೆಗೆ ತಂದರು. ಆ ಯುವಕನೇ ಮುಂದೆ ಡಾ. ರಾಜ್‌ಕುಮಾರ್ ಆದರು. ಪೀರ್ ಸಾಹೇಬರ ಕಂಪನಿಯಿಂದ ರಾಜ್‌ಕುಮಾರ್‌ವರೆಗೆ ಹೀಗೆ ಒಂದು ಎಳೆ ಹರಿದುಬಂದಿದೆ.

ಕಂಪನಿಯಲ್ಲಿ ಕಲಿಕೆ ಎಂದರೆ ಪುಸ್ತಕದ ಕಲಿಕೆಯಲ್ಲ. ಹುಡುಗನಾಗಿ ಸೇರಿದವನು ಪರದೆ ಎಳೆಯಬೇಕು, ಸಾಮಾನು ಹೊರಬೇಕು, ಹಿರಿಯರ ಪಾತ್ರಗಳನ್ನು ಪಕ್ಕದಲ್ಲಿ ನಿಂತು ಬಾಯಿಪಾಠ ಮಾಡಬೇಕು. ಯಾರಾದರೂ ಕಾಯಿಲೆ ಬಿದ್ದ ದಿನ ಬಣ್ಣ ಹಚ್ಚುವ ಅದೃಷ್ಟ ಅವನದು. ಹೀಗೆ ಬೆಳೆದವರಿಗೆ ನಟನೆಯೂ ಬಡಗಿತನದ ಹಾಗೆ ಒಂದು ಕೆಲಸ. ಯಾವ ಕೆಲಸವೂ ಅವರಿಗೆ ಕೀಳಾಗಿ ಕಾಣುತ್ತಿರಲಿಲ್ಲ.

ಬಾಲಕೃಷ್ಣ ಈ ಪರಂಪರೆಯವರೇ. ಹಾಸನ ಜಿಲ್ಲೆಯ ಅರಸೀಕೆರೆಯ ಕಡೆಯ ಬಡ ಹುಡುಗ. 1943ರ ‘ರಾಧಾರಮಣ’ ಚಿತ್ರದ ಮೂಲಕ ತೆರೆಗೆ ಬಂದರು. ಇದಕ್ಕಿಂತ ದೊಡ್ಡ ಸಂಗತಿ ಎಂದರೆ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನ ನಟರ ತುಟಿಯ ಚಲನೆಯನ್ನು ನೋಡಿ, ತಮ್ಮ ಮಾತು ಯಾವಾಗ ಬರಬೇಕೆಂದು ಅರಿತು ಅಭಿನಯಿಸುತ್ತಿದ್ದರು. ಯೋಚಿಸಿ ನೋಡಿ: ಹಾಸ್ಯನಟನಿಗೆ ಮಾತಿನ ಹೊತ್ತು ಅರೆಗಳಿಗೆ ತಪ್ಪಿದರೂ ನಗು ಹುಟ್ಟುವುದಿಲ್ಲ. ಅಂಥ ಕೆಲಸವನ್ನು ಕಿವಿಯ ನೆರವಿಲ್ಲದೆ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾಡಿದರು. ‘ಬಂಗಾರದ ಮನುಷ್ಯ’ ಚಿತ್ರದ ರಾಚೂಟಪ್ಪನನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು.

ಕೆಲಸವಿಲ್ಲದ ನಾಲ್ವರು

ಹುನರ್ ಇತ್ತು, ನೆಲೆ ಇರಲಿಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಿಡುಗಡೆಯಾಯಿತು. ಅದರ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಆಮೇಲೆ ಬಹುಕಾಲ ಕನ್ನಡ ಚಿತ್ರಗಳಿಗೆ ಮದ್ರಾಸೇ ಗತಿಯಾಯಿತು. ಎ.ವಿ.ಎಂ., ವಾಹಿನಿ ಮುಂತಾದ ದೊಡ್ಡ ಸ್ಟುಡಿಯೊಗಳು ಅಲ್ಲಿದ್ದವು. ದೊಡ್ಡ ಬಂಡವಾಳದ ತಮಿಳು, ತೆಲುಗು ಚಿತ್ರಗಳ ನಡುವೆ ಸಣ್ಣ ಬಂಡವಾಳದ ಕನ್ನಡ ಚಿತ್ರ ಬಾಡಿಗೆದಾರನಂತೆ ಬದುಕಬೇಕಿತ್ತು. ಕಲಾವಿದರು ಊರು, ಸಂಸಾರ ಬಿಟ್ಟು ಅಲ್ಲಿ ಇರಬೇಕಾಗಿತ್ತು. ಕನ್ನಡ ಚಿತ್ರಕ್ಕೆ ಖರ್ಚಾದ ಹಣದಿಂದ ಇಲ್ಲಿಯ ಬಡಗಿಗಾಗಲಿ ವಿದ್ಯುತ್ ಕೆಲಸಗಾರನಿಗಾಗಲಿ ಹೊಸ ವಿದ್ಯೆ ಕಲಿಯುವ ಅವಕಾಶ ಸಿಗುತ್ತಿರಲಿಲ್ಲ.

1950ರ ದಶಕದ ಕೊನೆಗೆ ಕನ್ನಡ ಚಿತ್ರಗಳ ತಯಾರಿಕೆ ಕುಗ್ಗಿ ಕಲಾವಿದರಿಗೆ ಕೆಲಸವಿಲ್ಲದಂತಾಯಿತು. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಈ ನಾಲ್ವರು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡರು. ಹಳೆಯ ಕಸುಬಿಗೆ ಮರಳಿ ಊರೂರು ತಿರುಗಿ ನಾಟಕವಾಡಿದರು. ತಾವೇ ಹಣ ಹೂಡಿ ‘ರಣಧೀರ ಕಂಠೀರವ’ ತಯಾರಿಸಿದರು. 1960ರಲ್ಲಿ ಬಿಡುಗಡೆಯಾದ ಆ ಚಿತ್ರ ಗೆದ್ದಿತು.

ಈ ಘಟನೆಯನ್ನು ಸಾಮಾನ್ಯವಾಗಿ ಯಶಸ್ಸಿನ ಕಥೆಯಾಗಿ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ತೆರೆಯ ಮೇಲೆ ಹೆಸರು ಮಾಡಿದ್ದವರು ಕೂಡ ಕೆಲಸ ನಿಂತಾಗ ಮರಳಿ ಹೋದದ್ದು ತಮಗೆ ಕಲಿಸಿದ ರಂಗಭೂಮಿಗೆ. ಕೈಯಲ್ಲಿದ್ದ ಕಸುಬೇ ಅವರನ್ನು ಕಾಪಾಡಿತು. ಆದರೆ ಪ್ರತಿ ತಲೆಮಾರೂ ಹೀಗೆ ಬೀದಿಗೆ ಬಿದ್ದು ಮೇಲೇಳಬೇಕೆ? ತನ್ನದೇ ಆದ ಜಾಗವಿದ್ದರೆ ಈ ಕಷ್ಟ ಎಷ್ಟೋ ತಪ್ಪುತ್ತಿತ್ತಲ್ಲವೆ?

ಪಶ್ಚಿಮ ಬೆಂಗಳೂರಿನ ಎರಡು ಅಂಗಳಗಳು

1960ರ ದಶಕದಲ್ಲಿ ಈ ಪ್ರಶ್ನೆಗೆ ನಮ್ಮ ನಗರದ ಪಶ್ಚಿಮ ದಿಕ್ಕಿನಿಂದ ಎರಡು ಉತ್ತರಗಳು ಬಂದವು. ಒಂದು ಸರ್ಕಾರದ್ದು. 1966ರಲ್ಲಿ ಶ್ರೀ ಕಂಠೀರವ ಸ್ಟುಡಿಯೊ ಸ್ಥಾಪನೆಯಾಯಿತು. ರಾಜಾಜಿನಗರ ದಾಟಿ, ನಂದಿನಿ ಬಡಾವಣೆಯ ಬಳಿ ಇಂದಿಗೂ ಅದನ್ನು ನೋಡಬಹುದು. ಆ ಕಾಲದಲ್ಲೇ ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನವನ್ನೂ ಕೊಡತೊಡಗಿತು. ಕರ್ನಾಟಕದಲ್ಲೇ ಚಿತ್ರ ತಯಾರಿಸಿದರೆ ನೆರವು ಎಂಬ ನಿಯಮ ನಿರ್ಮಾಪಕರನ್ನು ಮೆಲ್ಲಮೆಲ್ಲನೆ ಇತ್ತ ಸೆಳೆಯಿತು.

ಇನ್ನೊಂದು ಉತ್ತರ ಬಾಲಕೃಷ್ಣ ಅವರದು. ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಮೈಲಸಂದ್ರದ ಬಳಿ ಸರ್ಕಾರದಿಂದ ದೊರೆತ 20 ಎಕರೆ ಜಾಗದಲ್ಲಿ ಅವರು ಸ್ಟುಡಿಯೊ ಕಟ್ಟಲು ಹೊರಟರು. ಇಟ್ಟ ಹೆಸರು ‘ಅಭಿಮಾನ್’. ಆಗ ಕೆಂಗೇರಿ ನಗರದಿಂದ ದೂರದ ಊರು. ತಮ್ಮ ಸಂಪಾದನೆಯನ್ನು ಅದಕ್ಕೆ ಹಾಕಿದರು, ಸಾಲ ಮಾಡಿದರು. ನಟನೆಯಿಂದ ಬಂದ ಹಣ ಮತ್ತೆ ಕಸುಬಿಗೇ ಹೋಯಿತು.

ಸ್ಟುಡಿಯೊ ಎಂದರೆ ಒಂದು ದೊಡ್ಡ ಶೆಡ್ಡು ಎಂದು ತಿಳಿಯಬೇಡಿ. ಹೊರಗಿನ ಸದ್ದು ಒಳಬರದ ಗೋಡೆ ಬೇಕು. ದೀಪಗಳನ್ನು ತೂಗುಹಾಕಲು ಮೇಲೆ ಅಟ್ಟಣೆ ಬೇಕು. ಮನೆ, ಅರಮನೆ, ಬೀದಿಗಳನ್ನು ಹಲಗೆ, ಬಟ್ಟೆ, ಪ್ಲಾಸ್ಟರಿನಲ್ಲಿ ಕಟ್ಟುವ ಬಡಗಿಗಳಿಗೆ ಕೆಲಸದ ಮನೆ ಬೇಕು. ಇವೆಲ್ಲಕ್ಕೂ ವರ್ಷಪೂರ್ತಿ ಬಾಡಿಗೆ ಬರುತ್ತಿದ್ದರೆ ಮಾತ್ರ ಸಾಲ ತೀರುತ್ತದೆ. ಆದರೆ ಅಷ್ಟರಲ್ಲಿ ಕಾಲವೇ ಬದಲಾಯಿತು. 1970ರಲ್ಲಿ ಬಂದ ‘ಸಂಸ್ಕಾರ’ ಚಿತ್ರ ಮಲೆನಾಡಿನ ಹಳ್ಳಿಯಲ್ಲಿ ಚಿತ್ರೀಕರಣಗೊಂಡಿತ್ತು. ಆ ದಶಕದಲ್ಲಿ ನಿಜವಾದ ಮನೆ, ನಿಜವಾದ ಬೀದಿಗಳಲ್ಲಿ ಚಿತ್ರೀಕರಿಸುವ ರೂಢಿ ಬೆಳೆಯಿತು. ಸ್ಟುಡಿಯೊ ಸಿದ್ಧವಾಗುವ ಹೊತ್ತಿಗೆ ಚಿತ್ರಗಳು ಸ್ಟುಡಿಯೊ ಬಿಟ್ಟು ಹೊರಗೆ ಹೊರಟಿದ್ದವು. ಬಾಲಕೃಷ್ಣ ಕನಸಿನಂತೆ ಅಭಿಮಾನ್ ಬೆಳೆಯಲಿಲ್ಲ. 1995ರಲ್ಲಿ ಅವರು ತೀರಿಕೊಂಡರು.

ನೆಲೆ ಇದ್ದರೆ ಸಾಲದು

ಕೆಲಸದ ಜಾಗ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೆ ಮೈಸೂರಿನ ದುರಂತ ಸಾಕ್ಷಿ. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯನ್ನು ನಮ್ಮಲ್ಲಿ ಬಹುತೇಕ ಎಲ್ಲ ಮನೆಗಳವರೂ ದೂರದರ್ಶನದಲ್ಲಿ ನೋಡಿದ್ದಾರೆ. ಅದರ ಚಿತ್ರೀಕರಣ ನಡೆಯುತ್ತಿದ್ದಾಗ, 1989ರ ಫೆಬ್ರವರಿ 8ರಂದು, ಪ್ರೀಮಿಯರ್ ಸ್ಟುಡಿಯೊದಲ್ಲಿ ಬೆಂಕಿ ಬಿತ್ತು. ಸುಮಾರು 60 ಮಂದಿ ಪ್ರಾಣ ಕಳೆದುಕೊಂಡರು. ನಾಯಕನಟ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ಬದುಕಿ ಉಳಿದದ್ದು ಎಲ್ಲರಿಗೂ ಗೊತ್ತು. ಸತ್ತ ಕೆಲಸಗಾರರ ಹೆಸರು ಎಷ್ಟು ಜನರಿಗೆ ಗೊತ್ತು? ಕಲೆಯನ್ನು ಮೆಚ್ಚುವ ನಾವು ಆ ಕಲೆಗಾಗಿ ಮೈಮುರಿದು ದುಡಿಯುವವರ ಸುರಕ್ಷತೆಯನ್ನು ಮರೆಯುತ್ತೇವೆ.

ಇಂದಿನ ಸ್ಥಿತಿ ಏನು? ಕಂಠೀರವ ಸ್ಟುಡಿಯೊದ ಹೆಸರು ಹೇಳಿದರೆ ಜನರಿಗೆ ಈಗ ಮೊದಲು ನೆನಪಾಗುವುದು ಸಮಾಧಿಗಳು. 2006ರಲ್ಲಿ ರಾಜ್‌ಕುಮಾರ್, 2017ರಲ್ಲಿ ಪಾರ್ವತಮ್ಮ, 2021ರಲ್ಲಿ ಪುನೀತ್ ಅವರನ್ನು ಅಲ್ಲಿ ಮಣ್ಣು ಮಾಡಲಾಯಿತು. ಅಭಿಮಾನ್ ಸ್ಟುಡಿಯೊ ಸುದ್ದಿಯಾದದ್ದೂ ಹೀಗೆಯೇ. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲಿ ನಡೆಯಿತು. 2025ರ ಆಗಸ್ಟ್‌ನಲ್ಲಿ ಆ ಸಮಾಧಿ ತೆರವಾಯಿತು, ಅಭಿಮಾನಿಗಳು ನೊಂದರು. ಜಮೀನನ್ನು ಹಿಂಪಡೆಯುವ ಕ್ರಮವನ್ನೂ ಸರ್ಕಾರ ಕೈಗೊಂಡಿತು. ಈ ಗದ್ದಲದಲ್ಲಿ ಒಂದು ಮಾತು ಮಾತ್ರ ಹಿಂದೆ ಬಿತ್ತು. ಆ ನೆಲವನ್ನು ಬಾಲಕೃಷ್ಣ ಕೇಳಿ ಪಡೆದದ್ದು ಸ್ಮಾರಕಕ್ಕಾಗಿ ಅಲ್ಲ, ಕೆಲಸಕ್ಕಾಗಿ.

ಸತ್ತವರನ್ನು ಗೌರವಿಸುವುದು ಒಳ್ಳೆಯದೇ. ಆದರೆ ಕಲಾವಿದ ಬದುಕಿದ್ದಾಗ ಅವನ ಕೆಲಸಕ್ಕೆ ಅರ್ಧ ಎಕರೆಯನ್ನೂ ಉಳಿಸಿಕೊಡದ ಸಮಾಜ, ಸತ್ತ ಮೇಲೆ ಅವನಿಗಾಗಿ ಭೂಮಿಯ ಜಗಳವಾಡುವುದು ಸರಿಯೆ? ಇದು ಸಿನಿಮಾದವರಿಗೆ ಮಾತ್ರ ಕೇಳುವ ಪ್ರಶ್ನೆಯಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಚಿತ್ರ ಬಿಡಿಸುವವರಿದ್ದೀರಿ, ಅಕ್ಷರ ಬರೆಯುವವರಿದ್ದೀರಿ, ಹೊಲಿಗೆ, ಮರಗೆಲಸ ಬಲ್ಲ ಮನೆಗಳಿಂದ ಬಂದವರಿದ್ದೀರಿ, ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿಯುತ್ತಿರುವವರಿದ್ದೀರಿ. ಬಾಲಕೃಷ್ಣ ಅವರಿಂದ ಎರಡು ಪಾಠ ಕಲಿಯಿರಿ. ಕುಂದು ಯಾವುದೇ ಇರಲಿ, ಕಸುಬನ್ನು ಪೂರ್ತಿಯಾಗಿ ಕಲಿಯಿರಿ. ಕಿವಿ ಕೇಳದಿದ್ದರೆ ತುಟಿ ನೋಡಿ ಕಲಿಯಿರಿ. ಎರಡನೆಯದು, ನೀವು ನಾಲ್ಕು ಕಾಸು ಸಂಪಾದಿಸಿದಾಗ ನಿಮ್ಮ ಹಿಂದೆ ಬರುವವರಿಗೆ ಕೂತು ಕೆಲಸ ಮಾಡಲು ಒಂದು ಜಾಗ ಮಾಡಿಕೊಡುವ ಬಗ್ಗೆ ಯೋಚಿಸಿ. ಆದರೆ ಅವರು ಒಬ್ಬರೇ ಹೊತ್ತ ಹೊರೆಯನ್ನು ನೀವು ಹತ್ತು ಜನ ಸೇರಿ ಹೊರಿ. ನಾಲ್ವರು ಸೇರಿದಾಗ ‘ರಣಧೀರ ಕಂಠೀರವ’ ಗೆದ್ದಿತು. ಒಬ್ಬರೇ ಹೊತ್ತಾಗ ಅಭಿಮಾನ್ ಸೊರಗಿತು.

ನೇರಳೆ ಮಾರ್ಗದ ಮೆಟ್ರೊದಲ್ಲಿ ಈಗ ಕೆಂಗೇರಿಗೆ ಹೋಗುವುದು ಬಹಳ ಸುಲಭ. ಎಂದಾದರೂ ಆ ಕಡೆ ಹೋದಾಗ, ಕಿವಿ ಕೇಳದ ಒಬ್ಬ ಹಾಸ್ಯನಟ ತನ್ನ ಜೊತೆಗಾರರ ದುಡಿಮೆಗಾಗಿ ಅಲ್ಲೊಂದು ಸೂರು ಎತ್ತಲು ಹೊರಟಿದ್ದನ್ನು ನೆನಪಿಸಿಕೊಳ್ಳಿ.