ಭೂಪೇನ್ ಖಖ್ಖರ್ ಬರೆದ ಗಂಡುದೇಹ

ಗಂಡಿಗೆ ಗಂಡಿನ ಮೇಲಿರುವ ಒಲವನ್ನು ಭಾರತದ ಆಧುನಿಕ ಚಿತ್ರಕಲೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ ಮೊದಲಿಗರಲ್ಲಿ ಭೂಪೇನ್ ಖಖ್ಖರ್ ಮುಖ್ಯರು. 1934ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಚಾರ್ಟರ್ಡ್ ಅಕೌಂಟೆಂಟ್. ಕಲಾವಿದ ಗುಲಾಮ್ ಮೊಹಮ್ಮದ್ ಶೇಖ್ ಅವರ ಒತ್ತಾಸೆಯಿಂದ 1962ರಲ್ಲಿ ಬರೋಡಾಕ್ಕೆ ಹೋಗಿ ಕಲಾವಿಮರ್ಶೆ ಓದಿದರು. ಚಿತ್ರ ಬರೆಯುವುದನ್ನು ಬಹುಮಟ್ಟಿಗೆ ತಾವೇ ಕಲಿತರು.

1970ರ ದಶಕದ ಆರಂಭದಲ್ಲಿ ಅವರು ಬರೆದದ್ದು ದರ್ಜಿ, ಕ್ಷೌರಿಕ, ಗಡಿಯಾರ ರಿಪೇರಿಯವರನ್ನು. ‘ಜನತಾ ವಾಚ್ ರಿಪೇರಿಂಗ್’ (1972) ಈ ಸಾಲಿನದು. ಒಲವಿನ ಮಾತು ಆ ಚಿತ್ರಗಳಲ್ಲಿ ಬಾಯಿಬಿಟ್ಟು ಬರುವುದಿಲ್ಲ. 1979ರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಸಲಿಂಗಪ್ರೇಮಿಗಳು ಬಹಿರಂಗವಾಗಿ ಬದುಕುವುದನ್ನು ಅವರು ಕಂಡರು. ಆಮೇಲೆ ತಾಯಿಯೂ ತೀರಿಕೊಂಡರು. ಅಲ್ಲಿಂದ ಅವರ ಕುಂಚ ಅಳುಕು ಬಿಟ್ಟಿತು.

‘ಯೂ ಕಾಂಟ್ ಪ್ಲೀಸ್ ಆಲ್’ (1981) ಚಿತ್ರದಲ್ಲಿ ಬೆತ್ತಲೆ ಗಂಡಸೊಬ್ಬ ಬಾಲ್ಕನಿಯಲ್ಲಿ ನಿಂತು ಊರನ್ನು ನೋಡುತ್ತಾನೆ. ಕೆಳಗೆ, ಯಾರ ಮಾತು ಕೇಳಿದರೂ ಎಲ್ಲರನ್ನೂ ಮೆಚ್ಚಿಸಲಾಗದ ಅಪ್ಪ, ಮಗ, ಕತ್ತೆಯ ಕಥೆ ನಡೆಯುತ್ತಿದೆ. ಮರುವರ್ಷದ ‘ಟೂ ಮೆನ್ ಇನ್ ಬನಾರಸ್’ ಇನ್ನೂ ದಿಟ್ಟ ಕೃತಿ. ಅದರಲ್ಲಿ ಇಬ್ಬರು ಬೆತ್ತಲೆ ಗಂಡಸರು ತಬ್ಬಿ ನಿಂತಿದ್ದಾರೆ. ಅದೇ ಪಟದಲ್ಲಿ ಕಾಶಿಯ ಸಾಧುಗಳೂ ಭಕ್ತರೂ ತಮ್ಮ ಪಾಡಿಗೆ ತಾವಿದ್ದಾರೆ. ಒಲವನ್ನು ಪುಣ್ಯಕ್ಷೇತ್ರದ ಹೊರಗಿಡಲು ಖಖ್ಖರ್ ಒಪ್ಪಲಿಲ್ಲ.

ಈ ದೇಹಗಳು ಶಿಲ್ಪಶಾಸ್ತ್ರದ ಅಳತೆಯವಲ್ಲ, ಗರಡಿಯಲ್ಲಿ ಹುರಿಗೊಂಡವೂ ಅಲ್ಲ. ನರೆತ ತಲೆ, ಜೋತ ಹೊಟ್ಟೆ, ಇಳಿದ ಹೆಗಲಿನ ಮಧ್ಯಮವರ್ಗದ ಮೈಗಳು. ಮುಪ್ಪಾಗುತ್ತಿರುವ ಮೈಗೂ ಬಯಕೆಯ ಹಕ್ಕಿದೆ ಎಂದು ತೋರಿಸಿದ್ದೇ ಅವರ ನಿಜವಾದ ದೊಡ್ಡಸ್ತಿಕೆ. ಗಿರೀಶ ಕಾರ್ನಾಡರ ಮೊದಲ ನಾಟಕಕ್ಕೂ ವಸ್ತುವಾದ ಯಯಾತಿಯ ಕಥೆಯನ್ನು ಅವರು 1987ರಲ್ಲಿ ಎತ್ತಿಕೊಂಡರು. ಯೌವನದ ಕೊಡುಕೊಳ್ಳುವಿಕೆ ಅಲ್ಲಿ ಎರಡು ಗಂಡುದೇಹಗಳ ಸಾಮೀಪ್ಯವಾಯಿತು.

1998ರಲ್ಲಿ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ತಿಳಿಯಿತು. ‘ಬುಲೆಟ್ ಶಾಟ್ ಇನ್ ದ ಸ್ಟಮಕ್’ (2001) ಮೊದಲಾದ ಕೊನೆಗಾಲದ ಚಿತ್ರಗಳಲ್ಲಿ ಮೈ ಸೀಳುತ್ತದೆ, ಕರುಳು ಹೊರಬರುತ್ತದೆ. ಬಯಕೆಯನ್ನು ಬರೆದಷ್ಟೇ ನೇರವಾಗಿ ಅವರು ನೋವನ್ನೂ ಬರೆದರು.

ಖಖ್ಖರ್ 2003ರಲ್ಲಿ ನಿಧನರಾದರು. ಇಬ್ಬರು ವಯಸ್ಕ ಗಂಡಸರ ಸಮ್ಮತಿಯ ಸಂಬಂಧ ಆಗಿನ್ನೂ ದಂಡಸಂಹಿತೆಯ 377ನೇ ಸೆಕ್ಷನ್ನಿನಡಿ ಅಪರಾಧವಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ಅಪರಾಧವಲ್ಲವೆಂದು ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.