ಕಿವಿಗೆ ಬಿದ್ದದ್ದೊಂದು, ಮೂಲ ಇನ್ನೊಂದು: ತಪ್ಪಾಗಿ ಕೇಳಿಸುವ ಇಂಗ್ಲಿಷ್ ನುಡಿಗಟ್ಟುಗಳು

'ಫಾರ್ ಆಲ್ ಇಂಟೆನ್ಸಿವ್ ಪರ್ಪಸಸ್' ಎಂದು ಬರೆಯುವವರು ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶಗಳಲ್ಲೂ ಕಡಿಮೆಯಿಲ್ಲ. ಸರಿಯಾದ ರೂಪ 'ಫಾರ್ ಆಲ್ ಇಂಟೆಂಟ್ಸ್ ಅಂಡ್ ಪರ್ಪಸಸ್'. 'ಎಲ್ಲ ದೃಷ್ಟಿಯಿಂದಲೂ' ಎಂಬುದು ಇದರ ಅರ್ಥ. 16ನೇ ಶತಮಾನದಲ್ಲಿ, ದೊರೆ ಎಂಟನೇ ಹೆನ್ರಿಯ ಕಾಲದ ಇಂಗ್ಲೆಂಡಿನ ಕಾನೂನು ಭಾಷೆಯಿಂದ ಬಂದ ಮಾತಿದು. ವೇಗವಾಗಿ ಉಚ್ಚರಿಸಿದಾಗ ಎರಡೂ ರೂಪಗಳು ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕೇಳಿಸುತ್ತವೆ. ಮಾತಿನಲ್ಲಿ ಮರೆಯಾಗುವ ಈ ವ್ಯತ್ಯಾಸ ಉದ್ಯೋಗದ ಅರ್ಜಿಯಲ್ಲೋ ಪರೀಕ್ಷೆಯ ಪ್ರಬಂಧದಲ್ಲೋ ಎದ್ದು ಕಾಣುತ್ತದೆ.

ಎರಡು ಹೆಸರುಗಳು

ಇಂತಹ ತಪ್ಪುಗಳಿಗೆ ಭಾಷಾವಿಜ್ಞಾನದಲ್ಲಿ ಪ್ರತ್ಯೇಕ ಹೆಸರುಗಳಿವೆ. ಹಾಡು ಅಥವಾ ಪದ್ಯವನ್ನು ತಪ್ಪಾಗಿ ಕೇಳಿಸಿಕೊಳ್ಳುವುದು 'ಮಾಂಡಗ್ರೀನ್'. ಸ್ಕಾಟ್ಲೆಂಡಿನ ಲಾವಣಿಯೊಂದರಲ್ಲಿ, ಹತನಾದ ವೀರನನ್ನು ಹಸಿರು ನೆಲದ ಮೇಲೆ ಮಲಗಿಸಿದರು ಎಂಬ ಅರ್ಥದ ಮಾತನ್ನು ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಬಾಲ್ಯದಲ್ಲಿ 'ಲೇಡಿ ಮಾಂಡಗ್ರೀನ್' ಎಂಬ ಮಹಿಳೆಯ ಹೆಸರೆಂದು ಭಾವಿಸಿದ್ದರು. 1954ರಲ್ಲಿ 'ಹಾರ್ಪರ್ಸ್' ಮಾಸಿಕದಲ್ಲಿ ಪ್ರಕಟವಾದ ಅವರ ಲೇಖನದಿಂದ ಈ ಪದ ಹುಟ್ಟಿತು.

ಎರಡನೆಯದು 'ಎಗ್‌ಕಾರ್ನ್'. ಓಕ್ ಮರದ ಕಾಯಿಗೆ ಇಂಗ್ಲಿಷಿನಲ್ಲಿ 'ಏಕಾರ್ನ್' ಎಂದು ಹೆಸರು. ಮಹಿಳೆಯೊಬ್ಬರು ಅದನ್ನು 'ಎಗ್ ಕಾರ್ನ್' ಎಂದು ಬರೆದಿದ್ದನ್ನು ಭಾಷಾವಿಜ್ಞಾನಿ ಮಾರ್ಕ್ ಲಿಬರ್‌ಮನ್ 2003ರಲ್ಲಿ ಪ್ರಸ್ತಾಪಿಸಿದರು. ಈ ಬಗೆಯ ತಪ್ಪಿಗೆ ಅದನ್ನೇ ಹೆಸರಾಗಿಸಬಹುದೆಂದು ಸೂಚಿಸಿದವರು ಜೆಫ್ರಿ ಪುಲ್ಲಮ್. ಕಾಯಿಯ ಆಕಾರವೂ ಮೊಟ್ಟೆಯಂತಿರುವುದರಿಂದ ಆ ತಪ್ಪಿಗೂ ಒಂದು ತರ್ಕವಿತ್ತು ಎಂಬುದು ಗಮನಾರ್ಹ. ಇದಕ್ಕಿಂತ ಸ್ವಾರಸ್ಯಕರ ಸಂಗತಿಯೆಂದರೆ, ಸರಿ ಎನಿಸಿಕೊಂಡಿರುವ 'ಏಕಾರ್ನ್' ಕೂಡ ಹೀಗೆಯೇ ರೂಪುಗೊಂಡ ಪದ. ಹಳೆಯ ಇಂಗ್ಲಿಷಿನ 'ಆಕೆರ್ನ್' ಎಂಬುದನ್ನು ಜನ 'ಕಾರ್ನ್', ಅಂದರೆ ಧಾನ್ಯದೊಂದಿಗೆ ಜೋಡಿಸಿ ಬದಲಿಸಿದರು.

ಮರೆತ ಪದ, ಹೊಸ ಅರ್ಥ

ಬಳಕೆಯಿಂದ ಮರೆಯಾದ ಪದವೊಂದು ನುಡಿಗಟ್ಟಿನಲ್ಲಿ ಮಾತ್ರ ಉಳಿದಾಗ ಇಂತಹ ತಪ್ಪುಗಳು ಹೆಚ್ಚುತ್ತವೆ. ಉಸಿರು ಬಿಗಿಹಿಡಿದು ಕಾಯುವುದನ್ನು ಸೂಚಿಸುವ 'ಬೇಟೆಡ್ ಬ್ರೆತ್' ಇದಕ್ಕೆ ಉದಾಹರಣೆ. ಇಲ್ಲಿನ 'ಬೇಟ್' ತಗ್ಗಿಸು ಎಂಬರ್ಥದ 'ಅಬೇಟ್' ಪದದ ಮೊಟಕು ರೂಪ. ಆದರೆ ಅನೇಕರು ಇದನ್ನು ಮೀನಿನ ಗಾಳಕ್ಕೆ ಸಿಕ್ಕಿಸುವ ಎರೆ ಎಂಬರ್ಥದ ಪದದ ಕಾಗುಣಿತದಲ್ಲಿ ಬರೆಯುತ್ತಾರೆ. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಿಂದ ಪ್ರಸಿದ್ಧವಾದ 'ಒನ್ ಫೆಲ್ ಸ್ವೂಪ್' ಕೂಡ ಇದೇ ಬಗೆಯದು. 'ಫೆಲ್' ಎಂದರೆ ಕ್ರೂರ. ಹದ್ದು ಒಮ್ಮೆಲೇ ಎರಗುವ ಚಿತ್ರ ಅದರಲ್ಲಿದೆ. ಆ ಅರ್ಥ ಮಸುಕಾದ ಮೇಲೆ ಅದು ಹಲವರ ಬಾಯಲ್ಲಿ 'ಒನ್ ಫೌಲ್ ಸ್ವೂಪ್' ಆಯಿತು.

ಭಾರತಕ್ಕೂ ಇದರಲ್ಲಿ ಪಾಲಿದೆ. ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಎಂಬ ಕೂಗು ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ 'ಹಾಬ್ಸನ್-ಜಾಬ್ಸನ್' ಆಯಿತು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಪ್ರಕಟವಾದ ಆಂಗ್ಲೋ-ಇಂಡಿಯನ್ ಪದಕೋಶಕ್ಕೆ ಅದೇ ಹೆಸರು.

ಮೂಲದ ಜಗಳ

ಯಾವುದು ಮೂಲ, ಯಾವುದು ತಪ್ಪು ಎಂಬ ಬಗ್ಗೆಯೂ ವಾದಗಳಿವೆ. 'ಹಾಗೆ ಭಾವಿಸಿದ್ದರೆ ಮತ್ತೊಮ್ಮೆ ಯೋಚಿಸಬೇಕಾದೀತು' ಎಂಬರ್ಥದಲ್ಲಿ 'ಅನದರ್ ಥಿಂಕ್ ಕಮಿಂಗ್' ಎಂಬ ಮಾತು 19ನೇ ಶತಮಾನದ ಕೊನೆಯಲ್ಲಿ ದಾಖಲಾಗಿದೆ. 'ಥಿಂಕ್' ಪದದ ಕೊನೆಯ 'ಕ' ಧ್ವನಿ 'ಕಮಿಂಗ್'ನ ಮೊದಲ ಧ್ವನಿಯಲ್ಲಿ ಲೀನವಾಗುವುದರಿಂದ ಅದು 'ಥಿಂಗ್' ಎಂದು ಕೇಳಿಸುತ್ತದೆ. ಬ್ರಿಟನ್ನಿನ ಜೂಡಾಸ್ ಪ್ರೀಸ್ಟ್ ತಂಡ 1982ರ ತನ್ನ ಹಾಡಿನ ಶೀರ್ಷಿಕೆಯಲ್ಲಿ 'ಥಿಂಗ್' ರೂಪವನ್ನೇ ಬಳಸಿತು. ಇಂದು ಎರಡೂ ರೂಪಗಳಿಗೆ ಸಮರ್ಥಕರಿದ್ದಾರೆ.

ತದ್ರೂಪ ಎಂಬರ್ಥದ 'ಸ್ಪಿಟಿಂಗ್ ಇಮೇಜ್' ಇನ್ನೊಂದು ಕಗ್ಗಂಟು. ಇದು 'ಸ್ಪಿರಿಟ್ ಅಂಡ್ ಇಮೇಜ್', ಅಂದರೆ ಆತ್ಮ ಮತ್ತು ರೂಪ ಎಂಬುದರ ಅಪಭ್ರಂಶವೆಂಬ ವಾದ ಜನಪ್ರಿಯ. ಯೇಲ್ ವಿಶ್ವವಿದ್ಯಾಲಯದ ಲಾರೆನ್ಸ್ ಹಾರ್ನ್ 2004ರಲ್ಲಿ ಇದನ್ನು ಅಲ್ಲಗಳೆದು, 'ಉಗುಳಿದ' ಎಂಬರ್ಥದ 'ಸ್ಪಿಟನ್' ಪದವೇ ಮೂಲವೆಂದು ವಾದಿಸಿದರು. ಫ್ರೆಂಚ್ ಭಾಷೆಯಲ್ಲೂ ಅಪ್ಪನನ್ನೇ ಹೋಲುವ ಮಗನನ್ನು ಬಣ್ಣಿಸಲು 'ಉಗುಳಿದ' ಎಂಬ ಮಾತನ್ನೇ ಬಳಸುತ್ತಾರೆ.

ಧಾರಾಕಾರ ಮಳೆಯನ್ನು ಸೂಚಿಸುವ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಕುರಿತ ಕಥೆಯಂತೂ ಜಗತ್ತನ್ನೇ ಸುತ್ತಿದೆ. ಹುಲ್ಲಿನ ಮಾಡಿನಲ್ಲಿ ಮಲಗಿದ್ದ ನಾಯಿ-ಬೆಕ್ಕುಗಳು ಮಳೆ ಬಂದಾಗ ಜಾರಿ ಬೀಳುತ್ತಿದ್ದವು ಎಂಬ ವಿವರಣೆ 1999ರಲ್ಲಿ ಹರಿದಾಡಿದ ಇ-ಮೇಲ್ ಒಂದರಿಂದ ಹಬ್ಬಿತು. ಅದಕ್ಕೆ ಆಧಾರವಿಲ್ಲ. ಇದನ್ನು ಹೋಲುವ ಮಾತುಗಳು 17ನೇ ಶತಮಾನದ ಬರಹಗಳಲ್ಲಿವೆ. ಜೊನಾಥನ್ ಸ್ವಿಫ್ಟ್ 1738ರ ಕೃತಿಯಲ್ಲಿ ಈ ನುಡಿಗಟ್ಟನ್ನು ಬಳಸಿದ್ದಾನೆ. ಅವುಗಳಲ್ಲಿ ಮಾಡಿನ ಸುದ್ದಿಯೇ ಇಲ್ಲ.

ಪರೀಕ್ಷಿಸುವುದು ಹೇಗೆ?

ಕಥೆ ಎಷ್ಟೇ ಚೆನ್ನಾಗಿದ್ದರೂ ಅದು ಪುರಾವೆಯಲ್ಲ. ನುಡಿಗಟ್ಟು ಮೊದಲು ದಾಖಲಾದ ವರ್ಷ, ಆಗಿನ ಕಾಗುಣಿತ ಮತ್ತು ಸಂದರ್ಭ, ಇವನ್ನು ಆಕ್ಸ್‌ಫರ್ಡ್‌ನಂತಹ ಐತಿಹಾಸಿಕ ನಿಘಂಟಿನಲ್ಲಿ ನೋಡುವುದೇ ಸರಿಯಾದ ದಾರಿ. ತಪ್ಪು ಪ್ರಯೋಗ ಮಾಡಿದವರನ್ನು ಗೇಲಿ ಮಾಡುವವರು 'ಏಕಾರ್ನ್' ಪದದ ಚರಿತ್ರೆಯನ್ನು ನೆನೆಯುವುದು ಒಳಿತು. ಅರ್ಥವಾಗದ ಪದಕ್ಕೆ ಕಿವಿ ತನಗೆ ತಿಳಿದ ಅರ್ಥವನ್ನು ಹುಡುಕುತ್ತದೆ. ಸಾಕಷ್ಟು ಜನರ ಕಿವಿ ಹಾಗೆಯೇ ಕೇಳಿಸಿಕೊಂಡರೆ, ಇಂದಿನ ತಪ್ಪು ನಾಳೆಯ ನಿಘಂಟಿನಲ್ಲಿ ಸರಿಯಾದ ರೂಪವಾಗುತ್ತದೆ. ಅಲ್ಲಿಯವರೆಗೆ ಅರ್ಜಿಯಲ್ಲೋ ಪ್ರಬಂಧದಲ್ಲೋ ಬರೆಯುವ ಮುನ್ನ ಒಮ್ಮೆ ನಿಘಂಟು ತೆರೆಯುವುದು ಕ್ಷೇಮ.